ಮಡಕೆಯೊಳಗಿನ ಜೀವ, ಮಡಕೆಯ ಮೇಲಿನ ಚಿತ್ರ

(ಹಳೆಯ ವಸ್ತುಗಳನ್ನು ಕೂಡಿಡುವವರು ಮಂಗಳೂರಿನಲ್ಲಿ ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳ ಬರಹ ರೂಪ. ಮೇಜಿನ ಮೇಲೆ ವಸ್ತುಗಳನ್ನಿಟ್ಟು ಮಾತಾಡಿದ್ದರಿಂದ, ಅಲ್ಲಿ ಕಣ್ಣಿಗೆ ಕಂಡದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಬಟ್ಟಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಹೆದರಬೇಡಿ, ಗಟ್ಟಿಯಾಗಿದೆ. ಸುಮಾರು 200 ವರ್ಷಗಳಿಂದ ಹೀಗೆ ಕೈಯಿಂದ ಕೈಗೆ ಬಂದದ್ದೇ. ಆರು ಸೆಂಟಿಮೀಟರ್ ಎತ್ತರ, ಎಂಟು ಸೆಂಟಿಮೀಟರ್ ಬಾಯಿ. ಬಿಳಿ ಪಿಂಗಾಣಿಯ ಮೇಲೆ ನೀಲಿ ಬಳ್ಳಿ ಸುರುಳಿ ಸುರುಳಿಯಾಗಿ ಸುತ್ತಿಕೊಂಡಿದೆ. ಬೆರಳಿನಿಂದ ಆ ಬಳ್ಳಿಯನ್ನು ಹಿಂಬಾಲಿಸಿ ನೋಡಿ. ಸುರುಳಿಯ ಹೊರ ಅಂಚಿಗೆ ಸಾಲಾಗಿ ಪುಟ್ಟ ಪುಟ್ಟ ಚುಕ್ಕೆಗಳಿವೆ. ಎಲೆಯೂ ಅಲ್ಲ, ಮೊಗ್ಗೂ ಅಲ್ಲ. ಆಕ್ಟೋಪಸ್ಸಿನ ತೋಳನ್ನು ಹತ್ತಿರದಿಂದ ನೋಡಿದವರಿಗೆ ಅವು ಅದರ ಹೀರುಗುಳಿಗಳ ಹಾಗಿವೆ ಎಂದು ತಕ್ಷಣ ಹೊಳೆಯುತ್ತದೆ.

ಜಪಾನಿನಲ್ಲಿ ಈ ಬಟ್ಟಲಿಗೆ ಸೋಬಾ ಚೊಕೊ ಎನ್ನುತ್ತಾರೆ. ಸೋಬಾ ಎಂಬ ಶಾವಿಗೆಯನ್ನು ಅದ್ದಿಕೊಂಡು ತಿನ್ನಲು ಸಾರು ಹಾಕಿಕೊಳ್ಳುವ ಬಟ್ಟಲು. ಮೇಲಿನ ನಮೂನೆಯ ಹೆಸರು ತಾಕೊ ಕರಾಕುಸಾ. ತಾಕೊ ಎಂದರೆ ಆಕ್ಟೋಪಸ್, ಕರಾಕುಸಾ ಎಂದರೆ ಸುತ್ತುಬಳ್ಳಿಯ ಚಿತ್ತಾರ. ಮನೆಯವರ ಕೆಲಸದ ಕಾರಣ ನಾನು ಕೋಬೆಯಲ್ಲಿ 11 ವರ್ಷ ಇದ್ದೆ. ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ರಂದು ಸಂತೆ ಸೇರುತ್ತದೆ. ಅಲ್ಲಿ ಚಾಪೆಯ ಮೇಲೆ ಸಾಮಾನು ಹರಡಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಇದನ್ನು ನನ್ನ ಕೈಗಿಟ್ಟು, ತಮ್ಮ ಐದೂ ಬೆರಳನ್ನು ಅಲೆಯಂತೆ ಆಡಿಸಿ "ತಾಕೊ, ತಾಕೊ" ಎಂದರು. ನನಗೆ ಆಗ ಜಪಾನಿ ಭಾಷೆ ಬರುತ್ತಿರಲಿಲ್ಲ, ಆದರೆ ಅವರ ಬೆರಳು ಹೇಳಿದ್ದು ಅರ್ಥವಾಯಿತು. ಇವತ್ತು ನಮ್ಮ ಮನೆಯಲ್ಲಿ ಆಕ್ಟೋಪಸ್, ಬೊಂಡಾಸ್ (ಸ್ಕ್ವಿಡ್) ಇರುವ 140ಕ್ಕೂ ಹೆಚ್ಚು ವಸ್ತುಗಳಿವೆ. ಎಲ್ಲಕ್ಕೂ ಮೊದಲಿನದು ಈ ಬಟ್ಟಲು.

ಅಜ್ಜಿ ತಾಕೊ ಎಂದರೂ ಇದನ್ನು ಬರೆದವನು ಆಕ್ಟೋಪಸ್ ಬರೆಯಲು ಕೂತವನಲ್ಲ. ಸುತ್ತುಬಳ್ಳಿಯ ಚಿತ್ತಾರ ಚೀನಾದ ಪಿಂಗಾಣಿಯಿಂದ ಬಂದದ್ದು. ಕ್ಯೂಷು ದ್ವೀಪದ ಅರಿತಾ ಎಂಬ ಊರಿನಲ್ಲಿ 17ನೇ ಶತಮಾನದ ಆರಂಭದಲ್ಲಿ ಪಿಂಗಾಣಿ ಮಾಡಲು ಶುರುಮಾಡಿದರು. ಅಲ್ಲಿನ ಕೈಗಳಲ್ಲಿ ಆ ಬಳ್ಳಿ ಬರಬರುತ್ತಾ ದಪ್ಪವಾಯಿತು, ಎಲೆಗಳು ಕುಗ್ಗಿ ಉರುಟಾದವು, ತುದಿ ಒಳಗೆ ಸುತ್ತಿಕೊಂಡಿತು. ಸಮುದ್ರ ಕಂಡ ಜನ ಅದನ್ನು ನೋಡಿ ತಾಕೊ ಎಂದು ಕರೆದರು. ಹೆಸರು ಅಂಟಿಕೊಂಡಿತು.

ಸಂಗ್ರಹ ಮಾಡುವವರು ಕೈ ಪಳಗಿಸಿಕೊಳ್ಳಬೇಕಾದ ವಿಷಯ ಒಂದಿದೆ, ಅದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ. ಹಳೆಯ ತಾಕೊ ಕರಾಕುಸಾದಲ್ಲಿ, ಎಂದರೆ 17ನೇ ಶತಮಾನದ ಕೊನೆ, 18ನೇ ಶತಮಾನದ ಮೊದಲ ಭಾಗದ್ದರಲ್ಲಿ, ಬಳ್ಳಿಯ ಎರಡೂ ಅಂಚನ್ನು ಸಣ್ಣ ಗೆರೆಯಲ್ಲಿ ಬರೆದು, ನಡುವೆ ತೆಳು ನೀಲಿ ತುಂಬುತ್ತಿದ್ದರು. ಪ್ರತಿ ಚುಕ್ಕೆಗೂ ಅಷ್ಟೇ ಕಾಳಜಿ. ಕಾಲ ಕಳೆದಂತೆ ಬೇಡಿಕೆ ಹೆಚ್ಚಿತು. ಕುಂಚದ ಒಂದೇ ಎಳೆತಕ್ಕೆ ಬಳ್ಳಿ ಮುಗಿಯತೊಡಗಿತು, ಮೇಲೆ ಟಪಟಪ ಚುಕ್ಕೆ. ನಿಮ್ಮ ಕೈಯಲ್ಲಿರುವುದು ಈ ಎರಡನೆಯ ಬಗೆಯದು. 19ನೇ ಶತಮಾನದ ಉತ್ತರಾರ್ಧ ಬಂದಾಗ ಅಚ್ಚು ಹಾಳೆಯಿಂದ ಚಿತ್ರ ಒತ್ತುವ ಪದ್ಧತಿ ಬಂತು. ಅಚ್ಚಿನದ್ದರಲ್ಲಿ ಹಾಳೆಯ ಎರಡು ತುದಿ ಕೂಡುವ ಕಡೆ ಬಳ್ಳಿ ಕಡಿದುಹೋಗಿರುತ್ತದೆ. ಬಟ್ಟಲನ್ನು ಒಂದು ಸುತ್ತು ತಿರುಗಿಸಿದರೆ ಆ ಜಾಗ ಸಿಕ್ಕೇ ಸಿಗುತ್ತದೆ. ಬೆಲೆಯಲ್ಲಿ ಅಚ್ಚಿನದು ಅಗ್ಗ. ಕೈಬರಹದ್ದರ ಪಕ್ಕದಲ್ಲಿಟ್ಟರೆ ಅದರ ನೀಲಿಯೂ ಕಣ್ಣು ಕುಕ್ಕುವಷ್ಟು ಗಾಢ.

ಈಗ ಬಟ್ಟಲನ್ನು ಮಗುಚಿ ತಳ ನೋಡಿ. ನಡುವಿನಲ್ಲಿ ತಗ್ಗು, ತಗ್ಗಿನಲ್ಲಿ ಹೊಳಪು, ಸುತ್ತಲೂ ಹೊಳಪಿಲ್ಲದ ಅಗಲ ಉಂಗುರ. ಇದಕ್ಕೆ ಹಾವಿನ ಕಣ್ಣು ಎಂಬ ಹೆಸರಿದೆ. 18ನೇ ಶತಮಾನದ ದ್ವಿತೀಯಾರ್ಧದ ಆಚೆಗಿನ ಬಟ್ಟಲುಗಳಲ್ಲಿ ಕಾಣುವ ಗುರುತು. ಚಿತ್ತಾರ ಸುಳ್ಳು ಹೇಳಬಹುದು, ತಳ ಹೇಳುವುದು ಕಡಿಮೆ. ಕೊಳ್ಳುವಾಗ ನಾನು ಮೊದಲು ತಳ ನೋಡುತ್ತೇನೆ.

ಮುಂದಿನದು ಈ ಮಣ್ಣಿನ ಹೂಜಿ. ಇದು ಹಳೆಯದಲ್ಲ, ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಪ್ರವಾಸಿಗರಿಗೆಂದು ಮಾಡಿದ ಪ್ರತಿ. ಮೂಲ ಹೂಜಿ ಸಿಕ್ಕಿದ್ದು ಕ್ರೀಟಿನ ಪೂರ್ವ ತುದಿಯ ಪಲೈಕಾಸ್ಟ್ರೋದಲ್ಲಿ. ಈಗ ಹೆರಾಕ್ಲಿಯಾನ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಪೂ. 1500. ಎತ್ತರ 28 ಸೆಂಟಿಮೀಟರಿನ ಆಸುಪಾಸು. ಚಪ್ಪಟೆ ಹೊಟ್ಟೆ, ಗಿಡ್ಡ ಕತ್ತು, ಕತ್ತಿನ ಎರಡೂ ಕಡೆ ಹಿಡಿಕೆ. ಹೊಟ್ಟೆಯ ತುಂಬ ಒಂದೇ ಒಂದು ಆಕ್ಟೋಪಸ್, ಓರೆಯಾಗಿ ತೇಲುತ್ತಾ, ಎರಡು ದೊಡ್ಡ ಕಣ್ಣು ಬಿಟ್ಟುಕೊಂಡು. ತೋಳುಗಳು ಹೂಜಿಯ ಅಂಚು ದಾಟಿ ಹಿಂದಕ್ಕೆ ಹೋಗುತ್ತವೆ. ತೋಳುಗಳ ನಡುವಿನ ಖಾಲಿ ಜಾಗದಲ್ಲಿ ಪಾಚಿ, ಬಂಡೆ, ಮುಳ್ಳುಚೆಂಡಿನಂಥ ಕಡಲ ಜೀವಿಗಳು.

ಹೆರಾಕ್ಲಿಯಾನ್‌ನ ಗಾಜಿನ ಪೆಟ್ಟಿಗೆಯ ಮುಂದೆ ನಾನು ಒಂದು ಗಂಟೆ ನಿಂತಿದ್ದೆ. ಆ ಕುಶಲಕರ್ಮಿ ಸತ್ತ ಆಕ್ಟೋಪಸ್ ನೋಡಿ ಬರೆದಿಲ್ಲ. ಸತ್ತದ್ದು ಹೇಗಿರುತ್ತದೆಂದು ಮೀನಿನ ಬಂದರಿನ ಧಕ್ಕೆಯಲ್ಲಿ ನೀವೆಲ್ಲ ನೋಡಿದ್ದೀರಿ, ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಈ ಹೂಜಿಯಲ್ಲಿ ಎರಡು ತೋಳು ಒಂದೇ ರೀತಿ ಬಾಗಿಲ್ಲ. ತಿಳಿನೀರಿನಲ್ಲಿ ಜೀವಂತ ಈಜುವುದನ್ನು ಮತ್ತೆ ಮತ್ತೆ ಕಂಡವನ ಕೈ ಇದು.

ಅಲ್ಲಿಂದ ಸುಮಾರು 300 ವರ್ಷ ಮುಂದೆ ಬನ್ನಿ. ಗ್ರೀಸಿನ ನೆಲದಲ್ಲಿ ಮೈಸೀನಿಯನ್ ಕಾಲದ ಎಣ್ಣೆ ಜಾಡಿಗಳ ಮೇಲೂ ಆಕ್ಟೋಪಸ್ ಇದೆ. ಆದರೆ ಅದು ನೆಟ್ಟಗೆ ನಿಂತಿದೆ, ಎಡಕ್ಕೂ ಬಲಕ್ಕೂ ತೋಳು ಕನ್ನಡಿಯಲ್ಲಿ ಕಂಡಂತೆ ಸಮ. ಕೆಲವದರಲ್ಲಿ ಎಂಟು ತೋಳೂ ಇಲ್ಲ, ಆರೋ ನಾಲ್ಕೋ ಇವೆ. ಜೀವ ಹೋಗಿ ಗೆರೆ ಉಳಿದಿದೆ, ಗೆರೆ ಅಲೆಯಲೆಯಾಗಿ ಜಾಡಿಯನ್ನು ಸುತ್ತಿದೆ. ಬಳ್ಳಿ ಎಂದರೂ ನಡೆಯುತ್ತದೆ.

ಗ್ರೀಸಿನಲ್ಲಿ ಆಕ್ಟೋಪಸ್ ಕರಗಿ ಬಳ್ಳಿಯಾಯಿತು, ಜಪಾನಿನಲ್ಲಿ ಬಳ್ಳಿ ಬಲಿತು ಆಕ್ಟೋಪಸ್ ಆಯಿತು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ನಡುವೆ ಎಷ್ಟೋ ಶತಮಾನ, ಎಷ್ಟೋ ಸಮುದ್ರ. ಆದರೂ ಎರಡೂ ಒಂದೇ ಜಾಗದಲ್ಲಿ ಭೇಟಿಯಾಗುತ್ತವೆ, ಉರುಟು ಪಾತ್ರೆಯ ಹೊಟ್ಟೆಯ ಮೇಲೆ. ಉರುಟು ಪಾತ್ರೆಯ ಮೇಲೆ ಮೀನು ಬರೆದರೆ ಅದು ಒಂದು ಕಡೆಗೆ ಮುಖ ಮಾಡಿ ನಿಲ್ಲುತ್ತದೆ, ತಿರುಗಿಸಿದರೆ ಬೆನ್ನು ಭಾಗ ಖಾಲಿ. ಆಕ್ಟೋಪಸ್ಸಿಗೆ ಒಳಗೆ ಎಲುಬಿಲ್ಲ. ಪಾತ್ರೆ ಎಷ್ಟು ಅಗಲವೋ ಅಷ್ಟು ಹರಡಿಕೊಳ್ಳುತ್ತದೆ, ಕತ್ತಿನ ಹತ್ತಿರ ಸಣ್ಣದಾಗುತ್ತದೆ, ಹಿಡಿಕೆ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ.

ಇದಿಷ್ಟೇ ಕಾರಣ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಮೇಜಿನ ಆ ತುದಿಯ ಮಡಕೆ ನನ್ನ ಎಣಿಕೆ ಬದಲಿಸಿತು.

ಅದಕ್ಕೆ ತಾಕೊತ್ಸುಬೊ ಎನ್ನುತ್ತಾರೆ, ಆಕ್ಟೋಪಸ್ ಮಡಕೆ. ಕೋಬೆಯ ನಮ್ಮ ಮನೆಯಿಂದ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಆಕಾಶಿ ಎಂಬ ಊರು. ಆಕಾಶಿಯ ಆಕ್ಟೋಪಸ್ ಇಡೀ ಜಪಾನಿಗೆ ಹೆಸರುವಾಸಿ. ಅಲ್ಲಿನ ಬಂದರಿನ ಹಿಂದೆ ಇಂಥ ಮಡಕೆಗಳನ್ನು ರಾಶಿ ಹಾಕಿರುತ್ತಿದ್ದರು. ಉದ್ದನೆಯ ಹಗ್ಗಕ್ಕೆ ಮಡಕೆಗಳನ್ನು ಸಾಲಾಗಿ ಕಟ್ಟಿ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಆಮಿಷ ಇಡುವುದಿಲ್ಲ, ಮುಚ್ಚಳವೂ ಇಲ್ಲ. ಬಿಲ ಹುಡುಕಿಕೊಂಡು ಬಂದ ಆಕ್ಟೋಪಸ್ ತಾನಾಗಿಯೇ ಒಳಹೊಕ್ಕು ಕೂರುತ್ತದೆ. ಹಗ್ಗ ಎಳೆದಾಗ ಹೊರಗೆ ಹಾರಿ ತಪ್ಪಿಸಿಕೊಳ್ಳುವ ಬದಲು ಇನ್ನಷ್ಟು ಒಳಗೆ ಸರಿದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತನ್ನ ಮನೆ ಎಂಬ ನಂಬಿಕೆಯಿಂದಲೇ ಸಿಕ್ಕಿಬೀಳುತ್ತದೆ. ನನಗೆ ಇದನ್ನು ಹೇಳುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಓಸಾಕಾ ಕೊಲ್ಲಿಯ ಸುತ್ತ ಯಾಯೊಯ್ ಕಾಲದ, ಎಂದರೆ ಹತ್ತಿರಹತ್ತಿರ 2000 ವರ್ಷ ಹಳೆಯ, ಆಕ್ಟೋಪಸ್ ಮಡಕೆಗಳು ಉತ್ಖನನದಲ್ಲಿ ಸಿಕ್ಕಿವೆ.

ಈ ಮಡಕೆಯ ಹೊರಗೆ ಬಂಡೆಗೆ ಅಂಟುವಂಥ ಸುಣ್ಣದ ಚಿಪ್ಪುಗಳು ಗಂಟು ಗಂಟಾಗಿ ಹತ್ತಿಕೊಂಡಿವೆ. ಜಪಾನಿನಲ್ಲಿ ಇವುಗಳನ್ನು ಹಾಗೆಯೇ ಬಿಟ್ಟು, ಒಳಗೆ ನೀರು ಹಾಕಿ, ಒಂದೆರಡು ಹೂವಿಟ್ಟು ಮನೆಯ ಮೂಲೆಯಲ್ಲಿ ಇಡುವವರಿದ್ದಾರೆ. ನಾನೂ ಹಾಗೆ ಮಾಡಿದ್ದೇನೆ. ಸಭೆಯಲ್ಲಿ ವೈದ್ಯರಿದ್ದರೆ ಅವರಿಗೆ ಈ ಹೆಸರು ಬೇರೆ ಕಡೆಯಿಂದ ಗೊತ್ತಿರುತ್ತದೆ. ತೀರಿಹೋದವರ ಸುದ್ದಿ ಕೇಳಿದಂಥ ದೊಡ್ಡ ಆಘಾತದ ಬಳಿಕ ಕೆಲವರ ಹೃದಯದ ಎಡ ಕೋಣೆ ಕೆಳಗೆ ಉಬ್ಬಿ, ಕತ್ತು ಕಿರಿದಾಗಿ, ಥೇಟ್ ಈ ಮಡಕೆಯ ಆಕಾರ ತಳೆಯುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಅದಕ್ಕೆ ತಾಕೊತ್ಸುಬೊ ಎಂದೇ ಹೆಸರಿಟ್ಟರು.

ಪಾತ್ರೆಗೂ ಈ ಜೀವಕ್ಕೂ ಇರುವ ನಂಟು ಚಿತ್ರಕಾರನ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ ಎಂಬುದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ. 2007ರಲ್ಲಿ ದಕ್ಷಿಣ ಕೊರಿಯಾದ ತೇಆನ್ ಕರಾವಳಿಯಲ್ಲಿ ಮೀನುಗಾರರೊಬ್ಬರು ಸಣ್ಣ ಜಾತಿಯ ಆಕ್ಟೋಪಸ್ ಒಂದನ್ನು ಮೇಲೆತ್ತಿದರು. ಅದರ ತೋಳಿಗೆ ಹಸಿರು ಹೊಳಪಿನ ತಟ್ಟೆಯೊಂದು ಅಂಟಿಕೊಂಡಿತ್ತು. ಈ ಜಾತಿ ಚಿಪ್ಪಿನೊಳಗೆ ಕೂತು, ಸಿಕ್ಕ ಇನ್ನೊಂದು ಚಿಪ್ಪನ್ನೋ ಕಲ್ಲನ್ನೋ ಎಳೆದು ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ಸಲ ಅದರ ತೋಳಿಗೆ ಸಿಕ್ಕಿದ್ದು 12ನೇ ಶತಮಾನದ, ಕೊರಿಯಾದ ಗೊರ್ಯೊ ರಾಜವಂಶದ ಕಾಲದ, ಸೆಲಡಾನ್ ಎಂಬ ಹಸಿರು ಹೊಳಪಿನ ಪಿಂಗಾಣಿ ತಟ್ಟೆ. ಮೀನುಗಾರರು ಅಧಿಕಾರಿಗಳಿಗೆ ತಿಳಿಸಿದರು, ಮುಳುಗುಗಾರರು ಇಳಿದರು. ಕೆಳಗೆ ಮುಳುಗಿದ ಹಡಗು, ಅದರಲ್ಲಿ 20,000ಕ್ಕೂ ಹೆಚ್ಚು ಪಿಂಗಾಣಿ ಪಾತ್ರೆಗಳು. ಆ ತಟ್ಟೆಯ ಮೇಲೆ ಆಕ್ಟೋಪಸ್ಸಿನ ಚಿತ್ರ ಇರಲಿಲ್ಲ. ಆಕ್ಟೋಪಸ್ಸೇ ಇತ್ತು.

ಇನ್ನೊಂದು ನಮಗೆ ಹತ್ತಿರದ್ದು. ತೆಂಗಿನ ಗೆರಟೆ. ಇಂಡೋನೇಷ್ಯಾದ ಕಡಲಲ್ಲಿ ಸಂಶೋಧಕರು ನೋಡಿ 2009ರಲ್ಲಿ ಪ್ರಕಟಿಸಿದ ಸಂಗತಿ ಇದು: ಒಂದು ಜಾತಿಯ ಆಕ್ಟೋಪಸ್ ಬಿಸಾಡಿದ ಗೆರಟೆಗಳನ್ನು ಒಂದರೊಳಗೊಂದು ಇಟ್ಟು, ಹೊಟ್ಟೆಯ ಕೆಳಗೆ ಹಿಡಿದು, ತೋಳುಗಳನ್ನು ಮರಗಾಲಿನ ಹಾಗೆ ಬಿರುಸು ಮಾಡಿಕೊಂಡು ನಡೆದುಹೋಗುತ್ತದೆ. ಆ ಹೊತ್ತಿಗೆ ಗೆರಟೆಯಿಂದ ಅದಕ್ಕೆ ಯಾವ ಉಪಯೋಗವೂ ಇಲ್ಲ, ನಡಿಗೆಗೆ ತೊಂದರೆಯೇ ಹೆಚ್ಚು. ಮುಂದೆ ಬೇಕಾದಾಗ ಎರಡು ಗೆರಟೆ ಜೋಡಿಸಿ ಒಳಗೆ ಕೂರಲು ಈಗಲೇ ಹೊತ್ತುಕೊಂಡು ಹೋಗುತ್ತದೆ. ಕೂಡಿಡುವ ಬುದ್ಧಿ ನಮಗಿಂತ ಮೊದಲು ಅದಕ್ಕಿತ್ತು ಎಂದು ನಾನು ಮನಸಾರೆ ನಂಬುತ್ತೇನೆ.

ಉಳಿದ ವಸ್ತುಗಳನ್ನು ಸ್ವಲ್ಪ ಬೇಗ ನೋಡೋಣ.

ಈ ಮರದ ಗುಂಡಿಯಂಥದ್ದು ನೆತ್ಸುಕೆ. ಕಿಮೋನೊಗೆ ಜೇಬಿರಲಿಲ್ಲ. ಔಷಧಿ ಡಬ್ಬಿ, ಹೊಗೆಸೊಪ್ಪಿನ ಚೀಲ ಎಲ್ಲವನ್ನೂ ದಾರಕ್ಕೆ ಕಟ್ಟಿ ಸೊಂಟಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರ ಜಾರದಂತೆ ಮೇಲ್ತುದಿಗೆ ಈ ಗುಂಡಿ. ಇದರಲ್ಲಿ ತಲೆಗೆ ಬಟ್ಟೆ ತಿರುಚಿ ಕಟ್ಟಿಕೊಂಡ ಆಕ್ಟೋಪಸ್ ಕೂತಿದೆ, ಕೆಲಸಕ್ಕೆ ಹೊರಟ ಆಳಿನ ಹಾಗೆ. ಜಪಾನಿನಲ್ಲಿ ಆಕ್ಟೋಪಸ್ ಮನೆಯವರಲ್ಲಿ ಒಂದು. ಯುರೋಪ್, ಅಮೆರಿಕದಲ್ಲಿ ಅದೇ ಪ್ರಾಣಿ ರಾಕ್ಷಸ. 1877ರಲ್ಲಿ ಫ್ರೆಡ್ ರೋಸ್ ಬರೆದ ಯುರೋಪಿನ ವ್ಯಂಗ್ಯ ನಕ್ಷೆಯಲ್ಲಿ ರಷ್ಯಾ ದೇಶವೇ ಆಕ್ಟೋಪಸ್ಸಾಗಿ ನೆರೆಯವರ ಕತ್ತಿಗೆ ತೋಳು ಸುತ್ತಿದೆ. 1904ರ ಅಮೆರಿಕದ ವ್ಯಂಗ್ಯಚಿತ್ರವೊಂದರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಆಕ್ಟೋಪಸ್ಸಾಗಿದೆ. ಆ ಬಗೆಯ ವಸ್ತುಗಳನ್ನು ನಾನು ಕೂಡಿಸುವುದಿಲ್ಲ. ಬಾಯ್ತೆರೆದು ಹಡಗು ಮುರಿಯುವ ಆಕ್ಟೋಪಸ್ ಇರುವ ಮಗ್‌ಗಳು ಈಗ ಎಲ್ಲ ಕಡೆ ಸಿಗುತ್ತವೆ. ಅದನ್ನು ಬರೆದವರು ಪ್ರಾಣಿಯನ್ನು ನೋಡಿಲ್ಲ, ಹೆದರಿಕೆಯನ್ನು ಮಾತ್ರ ನೋಡಿದ್ದಾರೆ.

ಆಕ್ಟೋಪಸ್ ಆಕಾರದ ಈ ಕೆಂಪು ಪುಟ್ಟ ಪೇಪರ್‌ವೇಟ್ ನನಗೆ ಬಹಳ ಪ್ರೀತಿಯದು. ಮಿಯಾಗಿ ಪ್ರಾಂತದ ಮಿನಾಮಿಸಾನ್ರಿಕು ಎಂಬ ಊರಿನದು, ಅದೂ ಆಕ್ಟೋಪಸ್ಸಿಗೆ ಹೆಸರಾದ ಊರು. ಜಪಾನಿ ಭಾಷೆಯಲ್ಲಿ ಓಕು ಎಂದರೆ ಇಡು, ತೊ ಎಂದರೆ 'ಇಟ್ಟರೆ' ಎನ್ನುವಲ್ಲಿನ 'ರೆ', ಪಾಸು ಎಂದರೆ ನಮ್ಮದೇ ಪಾಸು. ಓಕುತೊಪಾಸು, ಇಟ್ಟರೆ ಪಾಸು! ಪರೀಕ್ಷೆಗೆ ಓದುವ ಮಕ್ಕಳು ಇದನ್ನು ಮೇಜಿನ ಮೇಲಿಟ್ಟುಕೊಳ್ಳುತ್ತಾರೆ. 2011ರ ಸುನಾಮಿ ಆ ಊರನ್ನು ಕೊಚ್ಚಿಕೊಂಡು ಹೋಯಿತು. ಮನೆ, ಕೆಲಸ ಕಳೆದುಕೊಂಡ ಊರಿನವರು ಮುಚ್ಚಿದ್ದ ಶಾಲೆಯೊಂದರ ಕಟ್ಟಡದಲ್ಲಿ ಸೇರಿ ಇದನ್ನು ಮತ್ತೆ ಮಾಡಲು ಶುರುಮಾಡಿದರು. ನನ್ನ ಮಗಳು ಇದನ್ನು ಮುಂದಿಟ್ಟುಕೊಂಡೇ ಪಿಯುಸಿ ಓದಿದಳು.

ಬೊಂಡಾಸ್ ಏಕೆ ಇಷ್ಟು ಕಡಿಮೆ ಎಂದು ಮುಂದಿನ ಸಾಲಿನವರು ಕೇಳಿದರು. ನನ್ನ ಮೇಜಿನ ಮೇಲೆ ಎಂಟಕ್ಕೆ ಒಂದು ಸಹ ಇಲ್ಲ. ಬೊಂಡಾಸ್ ಈಟಿಯಂತೆ ನೀಳ, ತೆರೆದ ನೀರಿನಲ್ಲಿ ಗುಂಪಾಗಿ ಓಡಾಡುವ ಜೀವ. ಬಿಲ ಹುಡುಕುವುದಿಲ್ಲ, ಪಾತ್ರೆಯ ಹತ್ತಿರ ಬರುವುದಿಲ್ಲ. ಬರೆದವರಲ್ಲೂ ಎಷ್ಟೋ ಮಂದಿ ಎಂಟು ಕೈ ಎಳೆದು ಸುಮ್ಮನಾಗುತ್ತಾರೆ. ಬೊಂಡಾಸ್‌ಗೆ ಎಂಟು ಗಿಡ್ಡ ಕೈ, ಬೇಟೆ ಹಿಡಿಯಲು ಬೇರೆ ಎರಡು ಉದ್ದ ಕೈ. ವಸ್ತು ಕೈಗೆ ಬಂದ ಕೂಡಲೇ ನಾನು ಎಣಿಸುತ್ತೇನೆ. ಆದರೆ ಬೊಂಡಾಸ್‌ನ ಒಂದು ವಸ್ತುವಿದೆ, ಅದರ ಮುಂದೆ ಉಳಿದೆಲ್ಲ ಸಪ್ಪೆ. ಇಕಾ ತೊಕ್ಕುರಿ. ಇಡೀ ಬೊಂಡಾಸ್‌ನ ಮೈಯನ್ನೇ ಹೂಜಿಯ ಆಕಾರಕ್ಕೆ ಉಬ್ಬಿಸಿ ಒಣಗಿಸಿರುತ್ತಾರೆ. ಬಿಸಿ ಸಾಕೆ ಮದ್ಯ ಅದರಲ್ಲಿ ಹೊಯ್ದು ಬಗ್ಗಿಸಿಕೊಳ್ಳುವುದು. ಕೆಲವು ಸಲ ಬಳಸಿ, ಮೆತ್ತಗಾದ ಮೇಲೆ ಸುಟ್ಟು ತಿಂದುಬಿಡುವುದು. ಊರಿಗೆ ಬರುವಾಗ ಎರಡು ತಂದಿದ್ದೆ. ಮಂಗಳೂರಿನ ಜೂನ್ ತಿಂಗಳು ಅವನ್ನು ಬಿಡಲಿಲ್ಲ, ಒಂದೇ ವಾರದಲ್ಲಿ ಬೂಷ್ಟು ಹತ್ತಿ ಮೃದುವಾದವು. ಈಗ ಫೋಟೋ ಮಾತ್ರ ಇದೆ, ಅಲ್ಲಿ ಗೋಡೆಯ ಮೇಲೆ.

ಕೊಳ್ಳುವವರಿಗೆ ಒಂದೆರಡು ಮಾತು. ಇಂಟರ್ನೆಟ್ಟಿನಲ್ಲಿ ಹಳೆಯ ಕಂಚು ಎಂದು ನಂಬಿ ಒಂದು ದೀಪದ ಕಂಬ ತರಿಸಿದ್ದೆ, ಕಂಬಕ್ಕೆ ಆಕ್ಟೋಪಸ್ ಸುತ್ತಿಕೊಂಡಿತ್ತು. ಪೆಟ್ಟಿಗೆ ಎತ್ತಿದಾಗಲೇ ಹಗುರ ಎನಿಸಿತು. ಅದು ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತು, ಮೇಲೆ ಕಂಚಿನ ಪುಡಿ ಬಳಿದದ್ದು. ತೋಳಿನ ಒಳಬದಿಯಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ತೀಡದೆ ಬಿಟ್ಟಿದ್ದರು. ಹಣ ವಾಪಸು ಬರಲಿಲ್ಲ. ಆಕ್ಟೋಪಸ್ಸಿನ ಮುಖ ನೋಡಿ ಕೊಂಡೆ, ತೋಳಿನ ಒಳಮೈಯ ಫೋಟೋ ಕೇಳಲಿಲ್ಲ. ನೀವು ಕೇಳಿ. ತೋಳಿನ ಮೇಲಿನ ಬಟ್ಟಲಿನಂಥ ಹೀರುಗುಳಿಗಳನ್ನು ಮಾಡುವುದು ಕಷ್ಟದ ಕೆಲಸ. ಒಳ್ಳೆಯ ಕೈ ಅವನ್ನು ಬುಡದಲ್ಲಿ ದೊಡ್ಡದು, ತುದಿಗೆ ಹೋದಂತೆ ಸಣ್ಣದು ಮಾಡುತ್ತದೆ. ಅವಸರದ ಕೈ ಎಲ್ಲವನ್ನೂ ಒಂದೇ ಅಳತೆಗೆ ಒತ್ತುತ್ತದೆ.

ದಂತದ ನೆತ್ಸುಕೆಗಳನ್ನು ದಯವಿಟ್ಟು ಮುಟ್ಟಬೇಡಿ. ಎಷ್ಟೇ ಹಳೆಯದೆಂದರೂ ದಂತದ ವ್ಯಾಪಾರಕ್ಕೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ, ಕೊಡಲೂ ಬಾರದು. ನನ್ನದೆಲ್ಲ ಮರದವು. ಆಕ್ಟೋಪಸ್ಸಿನ ಸಂಬಂಧಿಯೇ ಆದ ನಾಟಿಲಸ್ ಎಂಬ ಸುರುಳಿ ಚಿಪ್ಪೂ ಅದೇ ಕಾಯ್ದೆಯ ರಕ್ಷಣೆಯಲ್ಲಿದೆ. ಪ್ರವಾಸಿ ತಾಣದ ಅಂಗಡಿಯಲ್ಲಿ ಹೊಳೆಯುತ್ತಾ ಕಂಡರೂ ಬಿಟ್ಟು ಬನ್ನಿ.

ಇನ್ನು, ನಮ್ಮ ನಾಡಿನದ್ದು ಏನಿದೆ ಎಂಬ ಪ್ರಶ್ನೆ. ನಮ್ಮ ದೇವಾಲಯಗಳ ಗೋಡೆಯಲ್ಲಿ ಮೀನಿದೆ, ಆಮೆಯಿದೆ, ಮಕರವಿದೆ. ಹಿತ್ತಾಳೆ ಪಾತ್ರೆಗಳಲ್ಲಿ ಮೀನು ನೋಡಿದ್ದೇನೆ. ಆಕ್ಟೋಪಸ್ಸನ್ನು ನಾನು ಎಲ್ಲೂ ಕಂಡಿಲ್ಲ. ಮನೆಯೊಳಗೆ ಮಾತ್ರ ಅದರ ಬಳಗದ್ದು ಒಂದು ಹಿಂದಿನಿಂದಲೂ ಇದೆ. ಗಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಕೇಳಿದರೆ ಕೊಡುವ ಬಿಳಿಯ ಹಗುರ ತುಂಡು. ಅದು ನೊರೆಯಲ್ಲ, ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಎಂಬ ಜೀವಿಯ ಬೆನ್ನೊಳಗಿನ ಚಿಪ್ಪು. ನನ್ನ ಅಜ್ಜಿ ಅದನ್ನು ತೇಯ್ದು ಮದ್ದಿಗೆ ಹಾಕುತ್ತಿದ್ದರು. ಅವರ ಆ ತುಂಡು, ತೇಯ್ದು ಒಂದು ಬದಿ ಸವೆದದ್ದು, ಇಲ್ಲಿ ಗಾಜಿನ ಡಬ್ಬಿಯಲ್ಲಿದೆ.

ಕೊನೆಗೆ ಈ ಜಾಡಿ. ಮೇಲೆ ಕಂದು, ಕೆಳಗೆ ಬಿಳಿ, ಎಲ್ಲರ ಮನೆಯಲ್ಲೂ ಇದ್ದ ಉಪ್ಪಿನಕಾಯಿ ಭರಣಿ. ನಮ್ಮ ಮನೆಗೆ ಮೀನು ತರುವ ಅಕ್ಕನ ಮಗ ಬೋಟಿಗೆ ಹೋಗುತ್ತಾನೆ. ನನ್ನ ಸಾಮಾನುಗಳನ್ನು ಒಮ್ಮೆ ನೋಡಿ ಹೋಗಿದ್ದ. ಹೋದ ವರ್ಷ ಗೋಣಿಯಲ್ಲಿ ಸುತ್ತಿ ಇದನ್ನು ತಂದುಕೊಟ್ಟ.

"ಅಕ್ಕಾ, ಬಲೆಗೆ ಬಂತು ಇದು. ಒಳಗೆ ಆಕ್ಟೋಪಸ್ ಕೂತಿತ್ತು. ಬಗ್ಗಿಸಿದ್ರೆ ಬರ್ಲಿಲ್ಲ, ಕೈ ಹಾಕಿದ್ರೂ ಬರ್ಲಿಲ್ಲ."

"ಮತ್ತೆ ಏನು ಮಾಡಿದೆ?"

"ಬಕೆಟ್‌ನಲ್ಲಿ ಉಪ್ಪುನೀರು ಹಾಕಿ ಇಟ್ಟು ಬಿಟ್ಟೆ. ನಾವೆಲ್ಲ ಆಚೆ ಹೋದ್ಮೇಲೆ ಮೆಲ್ಲ ಹೊರಗೆ ಬಂತು. ಸಣ್ಣದು. ವಾಪಸು ನೀರಿಗೆ ಹಾಕಿದೆ."

ಬಾಯಿಯ ಅಂಚು ಒಂದು ಕಡೆ ಒಡೆದಿದೆ, ಹೊರಗೆ ಚಿಪ್ಪು ಹತ್ತಿದೆ. ಇದರ ಮೇಲೆ ಯಾರೂ ಏನೂ ಬರೆದಿಲ್ಲ. ಹತ್ತಿರ ಬಂದು ಟಾರ್ಚ್ ಹಾಕಿ ಒಳಗೆ ನೋಡಿ. ತಳದಲ್ಲಿ ಕೆಂಪಗೆ ಕಾಣುವುದು ಏಡಿಯ ಚಿಪ್ಪಿನ ಚೂರುಗಳು, ಅದು ತಿಂದು ಬಿಟ್ಟದ್ದು. ನಾನು ತೊಳೆದಿಲ್ಲ.